ಹೆಣ್ಣು ಒಪ್ಪಿಸುವ ಹೊತ್ತಿನಲ್ಲಿ ಪಾನಿಪೂರಿ

ಮಕ್ಕಳ ಅಳು ನಿಲ್ಲಿಸುವುದರಲ್ಲಿ ನಮ್ಮ ಮನೆಯಲ್ಲಿ ನನ್ನಂಥ ನಿಪುಣನಿಲ್ಲ ಎಂದು ಬಹಳ ದಿನ ಜಂಬಪಟ್ಟುಕೊಂಡಿದ್ದೆ. ನನ್ನ ವಿದ್ಯೆ ಇಷ್ಟೇ: ಅಳುವ ಮಗುವನ್ನು ಬೈಕಿನಲ್ಲಿ ಕೂರಿಸಿಕೊಂಡು ಪಾನಿಪೂರಿ ಗಾಡಿಯ ಮುಂದೆ ಇಳಿಸುವುದು. ನಮ್ಮೂರು ಬಂಗಾರಪೇಟೆಯ ಪಾನಿಪೂರಿಯ ನೀರು ನೋಡಲು ಕೊಳಾಯಿ ನೀರಿನಷ್ಟೇ ತಿಳಿ; ಅದರ ಖಾರ ಬಾಯಿಗೆ ಹಾಕಿಕೊಂಡ ಮೇಲೆಯೇ ಗೊತ್ತಾಗುವುದು. ಕಣ್ಣೀರು ಯಾವ ಬಾಬ್ತಿನದೆಂದು ಮಗುವಿಗೇ ಮರೆತುಹೋಗುತ್ತದೆ.

ತಂಗಿ ಸರಳಾಳ ಮದುವೆಯಲ್ಲೂ ಇದೇ ವಿದ್ಯೆ ಪ್ರಯೋಗಿಸಿದೆ. ನಮ್ಮ ಕಡೆ ಮದುವೆಯ ಕೊನೆಗೆ ಹೆಣ್ಣು ಒಪ್ಪಿಸುವ ಶಾಸ್ತ್ರವಿದೆ. ತಟ್ಟೆಯ ಹಾಲಿನಲ್ಲಿ ಅದ್ದಿದ ಹುಡುಗಿಯ ಕೈಯನ್ನು ತವರಿನವರು ಒಬ್ಬೊಬ್ಬರಾಗಿ ಗಂಡಿನ ಮನೆಯವರ ಕೈಗಿಟ್ಟು, ಇನ್ನು ಇವಳು ನಿಮ್ಮ ಮಗಳು ಎನ್ನುತ್ತಾರೆ. ಹೇಳುತ್ತಲೇ ಅಳುತ್ತಾರೆ. ಹಿಂದಿನವರು ಜಾಣರು. ದೊಡ್ಡವರಿಗೆ ನಾಲ್ಕು ಜನರೆದುರು ಅಳಲು ನೆಪ ಬೇಕೆಂದು ತಿಳಿದು ಅದನ್ನೇ ಶಾಸ್ತ್ರ ಮಾಡಿಟ್ಟರು. ವರ್ಷವೆಲ್ಲ ಗುರ್ ಎನ್ನುವ ನಮ್ಮ ದೊಡ್ಡಪ್ಪನೂ ಆ ಹೊತ್ತಿಗೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ, ಯಾರೂ ಏನೂ ಅನ್ನುವುದಿಲ್ಲ.

ನನ್ನ ಮಗಳು ಮೋನಿಷಾಗೆ ಆರು ವರ್ಷ. ಸರಳತ್ತೆಯೇ ಜಡೆ ಹಾಕಿ, ಮುದ್ದೆ ಮುರಿದು ಬಾಯಿಗಿಟ್ಟು ಬೆಳೆಸಿದ ಕೂಸು. ಇದನ್ನೆಲ್ಲ ನೋಡಿದರೆ ಮಗು ತಡೆಯಲಾರದು ಎಂದು, ಹಾಲಿನ ತಟ್ಟೆ ಬರುವ ಮೊದಲೇ ಅವಳನ್ನು ಪಾನಿಪೂರಿಗೆ ಕರೆದೊಯ್ದೆ. ತಡೆಯಲಾರದವನು ನಾನೇ ಎಂಬ ಅನುಮಾನ ನಿಮಗೆ ಬಂದಿದ್ದರೆ ಅದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ನಾವು ಛತ್ರಕ್ಕೆ ಮರಳುವಷ್ಟರಲ್ಲಿ ಮದುಮಕ್ಕಳ ಕಾರು ಗಂಡಿನ ಊರಾದ ಉರಿಗಾಂ ದಾರಿ ಹಿಡಿದಿತ್ತು.

ಆಮೇಲೆ ಶುರುವಾಯಿತು. ಮುದ್ದೆ ಬಿಸಿಯಿದ್ದರೆ ರಂಪ, ಆರಿದರೆ ರಂಪ. ಬಾಚಣಿಗೆ ಹಿಡಿದು ಹತ್ತಿರ ಹೋದ ಅವಳಮ್ಮನ ಕೈ ಕಚ್ಚಿದಳು. ಕರುಣ, ರೌದ್ರ ಎಂದು ರಸಗಳನ್ನು ಎಣಿಸಿದ ಪಂಡಿತರು, ಮಕ್ಕಳಲ್ಲಿ ಕರುಣವು ರೌದ್ರದ ವೇಷದಲ್ಲೇ ಬರುತ್ತದೆ ಎಂದು ಹೇಳುವುದನ್ನು ಮರೆತರು. ಹಾಲು ಕರೆಯುವಾಗ ಹಸು ಬೆದರೀತೆಂದು ಪಿಸುಗುಟ್ಟುವ ನಾವು ಅವಳಿಗೆ ಮಾತ್ರ ಗದರಿದೆವು.

ಕೊನೆಗೆ ನಾನು ಬೈಕ್ ತೆಗೆದೆ. ಗಾಡಿಯ ಮುಂದೆ ಅವಳು ಪೂರಿ ಮುಟ್ಟದೆ ನಿಂತಳು. ಬೈಯಲು ಬಾಯಿ ತೆರೆದವನು, ಯಾಕೋ, ಪಕ್ಕದ ಕಟ್ಟೆಯ ಮೇಲೆ ಅವಳ ಜೊತೆ ಸುಮ್ಮನೆ ಕುಳಿತೆ. ಕಾಲು ಆಡಿಸುತ್ತ ಕೇಳಿದಳು:

"ಅತ್ತೆ ಓಗುವಾಗ ಎಲ್ರೂ ಅತ್ರಂತೆ. ನನ್ನ ಯಾಕಪ್ಪಾ ಕರೀಲಿಲ್ಲ?"

ತಪ್ಪಾಯ್ತು ಕಣಮ್ಮ ಎಂದೆ. ಆ ಮಾತು ಹೇಳಲು ಅಪ್ಪಂದಿರಿಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ.

ಭಾನುವಾರ ಉರಿಗಾಂಗೆ ಹೋದೆವು. ವಿಷಯ ತಿಳಿದ ಸರಳ ನಗಲಿಲ್ಲ. ತಟ್ಟೆಯಲ್ಲಿ ಹಾಲು ತಂದು, ತನ್ನ ಕೈ ಅದ್ದಿ, ಮೋನಿಷಾಳ ಮುಂದೆ ಚಾಚಿದಳು. ಮಗು ಆ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದು ಸರಳಾಳ ಗಂಡನ ಅಂಗೈಯಲ್ಲಿಟ್ಟಳು. ದೊಡ್ಡವರು ಹೇಳುವ ಮಾತು ಅವಳಿಗೆ ಗೊತ್ತಿರಲಿಲ್ಲ.

"ಮಾವ, ನಮ್ಮತ್ತೆಗೆ ಗುಡುಗಂದ್ರೆ ಭಯ. ನೀವು ಪಕ್ಕದಲ್ಲೇ ಇರ್ಬೇಕು," ಎಂದಳು. ಎಂದವಳೇ ಅತ್ತಳು.

ಸುಮ್ಮನಿರು ಎಂದು ಯಾರೂ ಹೇಳಲಿಲ್ಲ. ಅತ್ತು ಮುಗಿದ ಮೇಲೆ ಅತ್ತೆಯ ಮಡಿಲಲ್ಲಿ ಕೂತು ಜಡೆ ಹಾಕಿಸಿಕೊಂಡಳು. ಹೊರಡೋಣವೇ ಎಂದು ನಾನು ಎದ್ದೆ. ಅವಳು ತಟ್ಟೆಯನ್ನು ನನ್ನ ಕಡೆ ಸರಿಸಿದಳು.

"ಅಪ್ಪಾ, ನೀನೂ ಒಪ್ಸಿಲ್ವಲ್ಲ."

ಸರಳ ಮತ್ತೆ ಹಾಲಿನಲ್ಲಿ ಕೈ ಅದ್ದಿ ನನ್ನತ್ತ ಚಾಚಿದಳು. ಎತ್ತಿ ಆಡಿಸಿದ ತಂಗಿಯ ಕೈ. ಹಿಡಿದುಕೊಂಡವನು ಅವಳ ಗಂಡನ ಕೈಗಿಡದೆ ಹಿಡಿದೇ ಇದ್ದೆ. ಮೋನಿಷಾ ನನ್ನ ಬೆನ್ನು ಸವರುತ್ತ ಮೆಲ್ಲಗೆ ಹೇಳಿದಳು: "ಅಳು ಕಣಪ್ಪಾ, ಯಾರೂ ಬಯ್ಯಲ್ಲ."