ಸ್ಟೇರಿಂಗಿಗೆ ತೂಗುಹಾಕಿದ ಮಗ್ಗು

ಫೌಜಿನಿಂದ ಬಂದು ಇಷ್ಟು ವರ್ಷವಾದರೂ ಹಾಸಿಗೆ ಮಡಿಸದೆ ನಾನು ಚಹಾ ಕುಡಿಯುವುದಿಲ್ಲ. ಬೂಟಿಗೆ ಪಾಲಿಶ್ ಹಾಕದೆ ಹೊಸ್ತಿಲು ದಾಟುವುದಿಲ್ಲ. ದಾವಣಗೆರೆಯ ಆನೆಕೊಂಡದ ನಮ್ಮ ಬೀದಿಯಲ್ಲಿ ನಾನು ವಾಕಿಂಗ್ ಹೊರಟದ್ದನ್ನು ನೋಡಿಯೇ ಎದುರುಮನೆಯವರು ಒಲೆ ಹಚ್ಚುತ್ತಾರೆ. ಅಂಥ ನನ್ನ ವಾಕಿಂಗ್ ಕಳೆದ ಬೇಸಿಗೆಯಲ್ಲಿ ಒಂದು ದಿನ ತಪ್ಪಿತು. ಭಾನುವಳ್ಳಿಯಿಂದ ಗೆಳೆಯನ ಫೋನು ಬಂದಿತ್ತು.

"ಉಸ್ತಾದ, ಗುತ್ತೂರಿಗೆ ಬಾ. ಈಗ್ಲೇ ಬಾ. ನಮ್ ಗಾಡಿ ಸಿಕ್ಕೈತೆ."

"ಯಾವ ಗಾಡಿಲೇ?"

"ಒನ್ ಟನ್ನು! ಇನ್ಯಾವುದು?"

ಒನ್ ಟನ್ ಎಂದರೆ ಸೈನ್ಯದ ಸಣ್ಣ ಟ್ರಕ್ಕು. ಯುದ್ಧದ ಕಾಲದಲ್ಲಿ ಅವನು ಅದರ ಡ್ರೈವರ್, ನಾನು ಅದೇ ತುಕಡಿಯ ಮೆಕ್ಯಾನಿಕ್. ಊರಿಗೆ ಬಂದ ಮೇಲೆ ಅವನು ಕಾಲುವೆ ನೀರಿನ ಭತ್ತದ ಗದ್ದೆಗೆ ಇಳಿದ. ನಾನು ಹರಿಹರದ ಒಂದು ಕಾರ್ಖಾನೆಗೆ ಸೇರಿ, ನಿವೃತ್ತನಾಗಿ ದಾವಣಗೆರೆಯಲ್ಲಿ ನೆಲೆ ನಿಂತೆ. ನಾನು ಯಾರಿಗೂ ಏನನ್ನೂ ಕಲಿಸಿದವನಲ್ಲ. ಆದರೂ ಅವನಿಗೆ ನಾನು ಅಂದಿನಿಂದ ಇಂದಿನವರೆಗೂ ಉಸ್ತಾದ.

ಹರಿಹರದ ಪಕ್ಕದ ಗುತ್ತೂರಿನ ಗುಜರಿ ಅಂಗಳದಲ್ಲಿ, ಹಳೇ ಬಾಯ್ಲರುಗಳ ನಡುವೆ ಗಾಡಿ ನಿಂತಿತ್ತು. ಹಸಿರು ಬಣ್ಣ ಸಿಪ್ಪೆಯೆದ್ದು, ದೀಪದ ಗಾಜು ಒಡೆದಿತ್ತು. ಯಾವುದೋ ಹರಾಜಿನಿಂದ ಕೈ ಬದಲಾಗುತ್ತಾ ಇಲ್ಲಿಗೆ ಬಂದು ಬಿದ್ದಿತ್ತು. ಗೆಳೆಯ ಅದರ ಮಡ್‌ಗಾರ್ಡ್ ಮೇಲೆ ಕೈಯಿಟ್ಟು, ಎಮ್ಮೆಯ ಮೈ ಸವರಿದಂತೆ ಸವರುತ್ತಿದ್ದ.

"ಇದು ನಮ್ಮದಲ್ಲ ಕಣೋ," ಎಂದೆ.

"ನಮ್ಮದಲ್ಲ. ನಮ್ಮದರ ತಂಗಿ," ಎಂದ.

ಗುಜರಿ ಸಾಹುಕಾರ ನಗುತ್ತಲೇ ಹೇಳಿದ: "ತಂಗಿ ಆದ್ರ ಬೇಗ ಕರ್ಕೊಂಡು ಹೋಗ್ರಿ ಅಜ್ಜಾರ. ಭಾನುವಾರದ ತನಕ ನಿಮಗ ಬಿಟ್ಟೀನಿ. ಸೋಮವಾರ ಗ್ಯಾಸ್ ಕಟರ್ ಹಚ್ಚೋದೇ."

ದಾವಣಗೆರೆಯಲ್ಲಿ ಹಳೆಯ ಫೌಜಿಗಳಾದ ನಮ್ಮ ಸಂಘದ ಒಂದು ಪುಟ್ಟ ಕಟ್ಟಡವಿದೆ, ಅದರ ಮುಂದೆ ಬೇವಿನ ಮರದ ಅಂಗಳವಿದೆ. ಗಾಡಿಯನ್ನು ಅಲ್ಲಿ ನಿಲ್ಲಿಸಬೇಕೆಂಬುದು ಗೆಳೆಯನ ಆಸೆ. ನಮ್ಮ ಅಧ್ಯಕ್ಷರು ನಿವೃತ್ತ ಸುಬೇದಾರರು. ಅವರು ಒಂದೇ ಮಾತು ಹೇಳಿದರು: "ತಾನೇ ಓಡ್ಕೊಂಡು ಬಂದ್ರೆ ಸಲ್ಯೂಟ್ ಹೊಡೀತೀನಿ. ಹಗ್ಗ ಕಟ್ಟಿ ಎಳಕೊಂಡು ಬಂದ್ರೆ ಗೇಟು ತೆಗಿಯಂಗಿಲ್ಲ. ಇದು ಗುಜರಿ ಅಂಗಡಿ ಅಲ್ಲ." ಭಾನುವಾರ ಮಧ್ಯಾಹ್ನದ ಸಭೆಗೆ ಮುಂಚೆ ಗಾಡಿ ಬಂದರೆ ಸಂಘದ್ದು, ಬಾರದಿದ್ದರೆ ಕಟರ್‌ನದು ಎಂದು ತೀರ್ಮಾನವಾಯಿತು.

ಇಷ್ಟು ಹಟ ಯಾಕೆಂದು ಯಾರಾದರೂ ಕೇಳಬಹುದು. ಯುದ್ಧದ ಆ ಚಳಿಗಾಲದಲ್ಲಿ ನಾವು ಉತ್ತರದ ಬೆಟ್ಟಗಳಲ್ಲಿದ್ದೆವು. ಹಗಲೆಲ್ಲ ಗಾಡಿ ಮದ್ದುಗುಂಡು ಹೊತ್ತು ಮೇಲೆ ಹೋಗುತ್ತಿತ್ತು, ಗಾಯಾಳುಗಳನ್ನು ಹೊತ್ತು ಕೆಳಗೆ ಬರುತ್ತಿತ್ತು. ಆ ಮಾತನ್ನು ನಾವು ಹೆಚ್ಚು ಆಡುವುದಿಲ್ಲ. ಆಡುವುದೆಲ್ಲ ಸಂಜೆಯ ಮಾತು.

ಅಲ್ಲಿ ಕತ್ತಲಾದರೆ ನೀರು ಕಲ್ಲಾಗುತ್ತಿತ್ತು. ಎಂಜಿನ್ನನ್ನು ತಂಪಾಗಿಡುವ ರೇಡಿಯೇಟರಿನಲ್ಲಿ ರಾತ್ರಿ ನೀರು ಉಳಿದರೆ ಹೆಪ್ಪುಗಟ್ಟಿ ಎಂಜಿನ್ ಸೀಳಿಬಿಡುತ್ತದೆ. ಆದ್ದರಿಂದ ಡ್ಯೂಟಿ ಮುಗಿದೊಡನೆ ಕೆಳಗಿನ ನಲ್ಲಿ ತಿರುಗಿಸಿ ನೀರನ್ನೆಲ್ಲ ಇಳಿಸಬೇಕು. ದಿನವಿಡೀ ಬೆಟ್ಟ ಹತ್ತಿದ ಗಾಡಿಯ ನೀರು, ಹೊಗೆಯಾಡುವಷ್ಟು ಬಿಸಿ. ಆ ಬೆಟ್ಟದಲ್ಲಿ ನಮಗಿದ್ದ ಬಿಸಿನೀರು ಅದೊಂದೇ. ಗಾಡಿ ನಿಲ್ಲುವ ಮೊದಲೇ ಮಗ್ಗು ಹಿಡಿದವರ ಸಾಲು ನಿಲ್ಲುತ್ತಿತ್ತು. ಒಬ್ಬ ಗಡ್ಡ ತೋಯಿಸುತ್ತಿದ್ದ, ಒಬ್ಬ ಬೆರಳುಗಳನ್ನು ಅದ್ದಿ ಕಣ್ಣು ಮುಚ್ಚಿ ಸುಮ್ಮನೆ ನಿಲ್ಲುತ್ತಿದ್ದ. ಪಂಜಾಬಿನ ಹವಾಲ್ದಾರನೊಬ್ಬ ಎರಡನೇ ಸಲ ಸಾಲಿಗೆ ಸೇರಲು ಟೋಪಿ ಬದಲಿಸಿಕೊಂಡು ಬರುತ್ತಿದ್ದ. ತುಕ್ಕಿನ ವಾಸನೆಯ ಆ ನೀರಿಗೆ ಅಷ್ಟು ಬೆಲೆ.

ಆಮೇಲೆ ಬಾನೆಟ್ ಇನ್ನೂ ಬೆಚ್ಚಗಿರುವಾಗ ಅದರ ಮೇಲೆ ಕಾಗದ ಹರಡಿ ಮಂಡಕ್ಕಿ ಕಲಸುತ್ತಿದ್ದೆವು. ನಮ್ಮಿಬ್ಬರಲ್ಲಿ ಯಾರ ಮನೆಯಿಂದ ಪಾರ್ಸೆಲ್ ಬಂದರೂ ಅದರಲ್ಲಿ ಮಂಡಕ್ಕಿ ಇರುತ್ತಿತ್ತು. ಈರುಳ್ಳಿ, ಖಾರದಪುಡಿ, ಒಂದಿಷ್ಟು ಸಾಸಿವೆ ಎಣ್ಣೆ. ಬಾನೆಟ್ಟಿನ ಬಿಸಿಗೆ ಮೆತ್ತಗಾದ ಮಂಡಕ್ಕಿ ಮತ್ತೆ ಗರಿಗರಿಯಾಗುತ್ತಿತ್ತು. ಇಷ್ಟೆಲ್ಲ ಮುಗಿದ ಮೇಲೆ ಡ್ರೈವರ್ ತನ್ನ ಎನಾಮೆಲ್ ಮಗ್ಗನ್ನು ಸ್ಟೇರಿಂಗಿಗೆ ತೂಗುಹಾಕುತ್ತಿದ್ದ. ಮಗ್ಗು ತೂಗುತ್ತಿದೆ ಎಂದರೆ ಗಾಡಿಯಲ್ಲಿ ನೀರಿಲ್ಲ, ಸ್ಟಾರ್ಟ್ ಮಾಡಬೇಡ ಎಂದರ್ಥ. ಅದೇ ನಮ್ಮ ಬೋರ್ಡು.

ಆ ಸಾಲಿನಲ್ಲಿ ನಿಂತವರಲ್ಲಿ ಕೆಲವರು ಬೆಟ್ಟದಿಂದ ಇಳಿಯಲೇ ಇಲ್ಲ. ಅವರು ಮನಸ್ಸು ಬಿಚ್ಚಿ ನಕ್ಕದ್ದನ್ನು ಗೆಳೆಯ ನೋಡಿದ್ದು ಆ ಗಾಡಿಯ ಮುಂದೆ ಮಾತ್ರ. ಅದರ ತಂಗಿಯನ್ನು ಕಟರ್‌ಗೆ ಬಿಡಲು ಅವನಿಗೆ ಮನಸ್ಸಾಗಲಿಲ್ಲ.

ಆ ವಾರ ನಾನು ಪ್ರತಿದಿನ ಟಿಫಿನ್ ಡಬ್ಬಿ ಹಿಡಿದು ಮೊದಲ ಬಸ್ಸಿಗೆ ಗುತ್ತೂರಿಗೆ ಹೋದೆ. ಕಾರ್ಬೊರೇಟರ್ ಬಿಚ್ಚಿ ತೊಳೆದೆ. ಹೊಸ ಬ್ಯಾಟರಿ, ಹೊಸ ಬೆಲ್ಟು, ಹಳೆಯ ಆದರೆ ಗಟ್ಟಿಯಾದ ಟೈರು. ಗೆಳೆಯ ಬ್ರೇಕು ನೋಡಿಕೊಂಡ. ಶನಿವಾರ ಮಧ್ಯಾಹ್ನ ಎಂಜಿನ್ ಕೆಮ್ಮಿತು, ಸೀನಿತು, ಕೊನೆಗೆ ಗುಡುಗಿತು. ಗುಜರಿ ಸಾಹುಕಾರ ಎದ್ದು ನಿಂತು ಚಪ್ಪಾಳೆ ಹೊಡೆದ. ಸಂಜೆಯವರೆಗೆ ಅಂಗಳದಲ್ಲೇ ಸುತ್ತಾಡಿಸಿದೆವು. ಗಾಡಿ ಆಫ್ ಮಾಡಿ ನಿಲ್ಲಿಸುವ ಕೆಲಸ ಗೆಳೆಯನಿಗೆ ಬಿಟ್ಟು ನಾನು ಬಸ್ಸು ಹತ್ತಿದೆ.

ಭಾನುವಾರ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಗೆಳೆಯನ ಹೆಂಡತಿ ಬಂದು ಕೂತಿದ್ದರು. ಮದುವೆಯಾದಾಗಿನಿಂದ ಈ ಗಾಡಿಯ ಕಥೆ ಕೇಳಿ ಕೇಳಿ ಸಾಕಾಗಿ, ಒಮ್ಮೆ ಹತ್ತಿಯೇ ನೋಡುತ್ತೇನೆಂದು ಬಂದಿದ್ದರು. ಜೊತೆಗೆ ಒಂದು ಚೀಲ ಮಂಡಕ್ಕಿ, ಫ್ಲಾಸ್ಕಿನಲ್ಲಿ ಚಹಾ. ಗೆಳೆಯ ಸಾಹುಕಾರನ ಕೋಣೆಯೊಳಗೆ ಮೆಡಲ್ಲುಗಳನ್ನು ಕೋಟಿಗೆ ಸಿಕ್ಕಿಸಿಕೊಳ್ಳುತ್ತಿದ್ದ.

"ಬರ್ರಿ ಅಣ್ಣಾರ, ಚಾ ಕುಡೀರಿ," ಎಂದು ಎನಾಮೆಲ್ ಮಗ್ಗು ನನ್ನ ಕೈಗಿಟ್ಟರು. ಕುಡಿದೆ. ಚಹಾ ಚೆನ್ನಾಗಿತ್ತು.

ಬಳಿಕ ಎಣ್ಣೆ, ಬೆಲ್ಟು, ಟೈರಿನ ಗಾಳಿ ನೋಡಿದೆ. ನೀರು ನೋಡುವುದು ಡ್ರೈವರನ ಕೆಲಸ. ಮೊದಲಿನಿಂದಲೂ ನಮ್ಮಲ್ಲಿ ಹಾಗೇ ಹಂಚಿಕೆ. ಗೆಳೆಯ ಬಂದು ಬಾಗಿಲು ತೆಗೆದ, ಸ್ಟೇರಿಂಗ್ ಮೇಲೆ ಒಮ್ಮೆ ಕಣ್ಣು ಹಾಯಿಸಿದ, ಹತ್ತಿ ಕೂತ. ಗಾಡಿ ಹೊರಟಿತು.

ಏನು ಗಮ್ಮತ್ತು ಅಂತೀರಿ! ಬೈಕಿನವರು ಪಕ್ಕಕ್ಕೆ ಸರಿದು ಕೈಬೀಸಿದರು. ಗೆಳೆಯ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಹರಿಹರದ ಅಂಚಿಗೆ ಬರುತ್ತಿದ್ದಂತೆ ನಮ್ಮಿಬ್ಬರ ನಡುವೆ ಕೂತಿದ್ದ ಅವನ ಹೆಂಡತಿ ಮೂಗು ಮುಚ್ಚಿಕೊಂಡರು.

"ಏನೋ ಸುಟ್ಟ ವಾಸ್ನಿ ಬರ್ತೈತಲ್ರಿ."

"ನಿಲ್ಸು!" ಎಂದೆ. ಒಂದು ಹೋಟೆಲಿನ ಮುಂದೆ ಗಾಡಿ ನಿಂತಿತು. ಬಾನೆಟ್ ಎತ್ತಿ, ಸ್ವಲ್ಪ ಹೊತ್ತು ತಡೆದು, ಬಟ್ಟೆ ಹಿಡಿದು ಮುಚ್ಚಳ ತೆಗೆದೆ. ರೇಡಿಯೇಟರ್ ಖಾಲಿ.

"ನೀರು ಯಾರು ಇಳಿಸಿದ್ರು?"

ಗೆಳೆಯ ತನ್ನ ಎರಡೂ ಕೈ ನೋಡಿಕೊಂಡ. "ನಾನೇ ಇರ್ಬೇಕು," ಎಂದ ಮೆಲ್ಲಗೆ. "ಸಂಜೆ ಆತು. ಗಾಡಿ ಆಫ್ ಮಾಡಿದೆ. ಕೈ ತಾನಾಗೇ ನಲ್ಲಿಗೆ ಹೋತು."

"ಅಯ್ಯೋ ಶಿವನೇ!" ಎಂದರು ಅವನ ಹೆಂಡತಿ. "ನಿನ್ನೆ ಮನಿಗೆ ಬಂದು, ಮುಖ ತೊಳ್ಯಾಕ ಎಂಥಾ ಬಿಸಿನೀರು ಸಿಕ್ತು ಅಂತ ಕುಣಿದಾಡಿದ್ರಿ. ಯಾವ ಬಚ್ಚಲದಾಗ ಅಂತ ನಾ ಕೇಳ್ಲಿಲ್ಲ!"

"ಆದ್ರ ಮಗ್ಗು ನೇತಾಕಿದ್ದೆ! ಮಗ್ಗು ಇಲ್ಲ ಅಂತ್ಲೇ ನೀರೈತಿ ಅಂದ್ಕೊಂಡು ಹತ್ತಿದೆ. ಮಗ್ಗು ಎಲ್ಲಿ ಹೋತು?"

ಅವರು ನನ್ನ ಕಡೆ ನೋಡಿದರು. "ಸ್ಟೇರಿಂಗಿನಾಗ ಯಾರೋ ಲೋಟ ಮರ್ತಾರ ಅಂತ ತಗೊಂಡೆ. ಅದ್ರಾಗೇ ಅಣ್ಣಾರು ಚಾ ಕುಡಿದ್ರು."

ಸುತ್ತ ಜನ ಸೇರಿದ್ದರು. ನೆತ್ತಿ ಸುಡುವ ಬಿಸಿಲು. ವಿಷಯ ತಿಳಿದ ಒಬ್ಬ ಹಾಲಿನ ಕ್ಯಾನಿನವನು ಕೇಳಿಯೇಬಿಟ್ಟ: "ಅಜ್ಜಾರ, ಗಾಡಿಗೆ ಚಳಿ ಹತ್ತಿತ್ತೇನ್ರಿ? ಒಂದು ಕಂಬಳಿ ಹೊದಿಸಬೇಕಿತ್ತು!" ನಗು ತಡೆಯಲಾಗಲಿಲ್ಲ, ನನಗೂ ಸಹ. ನಗದೆ ಇದ್ದವನು ಗೆಳೆಯನೊಬ್ಬನೇ. ಅವನು ಬಿಸಿಲಿನ ಕಡೆ ನೋಡುತ್ತಿದ್ದ, ಮಧ್ಯಾಹ್ನ ಹತ್ತಿರವಾಗುತ್ತಿತ್ತು.

ಯಾರೋ ಕೊಡದಲ್ಲಿ ತಣ್ಣೀರು ತಂದರು. "ಬ್ಯಾಡ! ಹಾಕಬ್ಯಾಡ್ರಿ!" ಎಂದು ಅಡ್ಡ ನಿಂತೆ. ಕಾದ ಎಂಜಿನ್ನಿಗೆ ತಣ್ಣೀರು ಹೊಯ್ದರೆ ಅಲ್ಲೇ ಬಿರುಕು ಬಿಡುತ್ತದೆ, ಆಮೇಲೆ ಕಟರ್ ಒಂದೇ ದಾರಿ. ತಡಕಿ ನೋಡಿದೆ. ಎಂಜಿನ್ನಿನ ಮೈಗಿದ್ದ ಇನ್ನೊಂದು ನಲ್ಲಿ ತುಕ್ಕಿನಿಂದ ಬಿಗಿದಿತ್ತು, ಆದ್ದರಿಂದ ಒಳಗೆ ಒಂದಿಷ್ಟು ನೀರು ಉಳಿದಿತ್ತು. ಆ ತುಕ್ಕೇ ನಮ್ಮನ್ನು ಕಾಪಾಡಿತ್ತು. ಆರುವವರೆಗೆ ಕಾಯಬೇಕು, ಆಮೇಲೂ ಬೆಚ್ಚನೆಯ ನೀರೇ ಬೇಕು.

"ಅಷ್ಟೇ ಅಲ್ರಿ?" ಎಂದು ಅವನ ಹೆಂಡತಿ ಹೋಟೆಲಿನೊಳಗೆ ನಡೆದರು. ಹೋಟೆಲಿನವನಿಗೆ ಅವರು ಹೇಳಿದ್ದು ಹೊರಗೆಲ್ಲ ಕೇಳಿಸಿತು: "ಆ ಗಾಡಿ ಒಂದು ಕಾಲಕ್ಕ ಇವರ್ನೆಲ್ಲ ಬಿಸಿನೀರು ಕೊಟ್ಟು ಸಾಕೈತಪ್ಪಾ. ಇವತ್ತು ನೀನು ಅದಕ್ಕ ಒಂದೀಟು ಕೊಡು."

ಹೋಟೆಲಿನ ದೊಡ್ಡ ಹಂಡೆ ಒಲೆಯ ಮೇಲೇರಿತು. ಕಾಯುವಾಗ ಅವರು ಗಾಡಿಯ ಹಿಂದಿನ ಹಲಗೆ ಇಳಿಸಿ, ಕಾಗದ ಹರಡಿ ಮಂಡಕ್ಕಿ ಸುರುವಿದರು. ಹೋಟೆಲಿನಿಂದ ಈರುಳ್ಳಿ, ಮೆಣಸಿನಕಾಯಿ ಬಂತು. ಹಾಲಿನವನೂ ಕೈ ಹಾಕಿದ. ಗೆಳೆಯ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅಗಿಯುವುದನ್ನೇ ನಿಲ್ಲಿಸಿದ.

"ಯಾಕ, ಖಾರ ಕಡಿಮಿ ಆತಾ?" ಎಂದೆ.

"ಆ ಹವಾಲ್ದಾರ ಟೋಪಿ ಬದಲಿಸ್ಕೊಂಡು ಬಂದಂಗಾತು ನೋಡು," ಎಂದ. ಅವನ ಮುಖದಲ್ಲಿ ಆ ದಿನದ ಮೊದಲ ನಗು ಮೂಡಿತು.

ಎಂಜಿನ್ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಕೈ ತಡೆಯುವಷ್ಟಾದಾಗ ಕೆಳಗಿನ ನಲ್ಲಿ ಮುಚ್ಚಿ, ನಾನೇ ಚೊಂಬಿನಿಂದ ನಿಧಾನಕ್ಕೆ ಬೆಚ್ಚನೆಯ ನೀರು ಹೊಯ್ದೆ. ಮುಚ್ಚಳ ಬಿಗಿದೆ. ಕೀಲಿ ತಿರುಗಿತು. ಒಂದು ಕೆಮ್ಮು, ಮತ್ತೊಂದು ಕೆಮ್ಮು, ಆಮೇಲೆ ಗುಡುಗು. ಹೋಟೆಲಿನವನು ಸೌಟು ಎತ್ತಿ ಕುಣಿದ.

ದಾವಣಗೆರೆಯಲ್ಲಿ ನಮ್ಮ ಗೇಟಿನ ಮುಂದೆ ನಿಂತಾಗ ಒಳಗೆ ಸಭೆಗೆ ಕುರ್ಚಿ ಹಾಕುತ್ತಿದ್ದರು. ಅಧ್ಯಕ್ಷರು ಗಾಡಿಯ ಸುತ್ತ ಒಂದು ಸುತ್ತು ಬಂದರು. ಹಗ್ಗದ ಗುರುತಿದೆಯೇ ಎಂದು ಬಂಪರಿನ ಕೆಳಗೂ ಬಗ್ಗಿ ನೋಡಿದರು. ನಂತರ ತಾವೇ ಗೇಟು ತೆಗೆದು, ಹಿಮ್ಮಡಿ ಕೂಡಿಸಿ ಸಲ್ಯೂಟ್ ಹೊಡೆದರು. ಗೆಳೆಯನಿಗೆ ತಿರುಗಿ ಸಲ್ಯೂಟ್ ಹೊಡೆಯಲು ಆಗಲಿಲ್ಲ, ಸ್ಟೇರಿಂಗ್ ಬಿಡಲು ಅವನ ಕೈಗಳೇ ಒಪ್ಪಲಿಲ್ಲ. ಬೇವಿನ ಮರದ ಕೆಳಗೆ ಗಾಡಿ ನಿಂತಿತು.

ಸಂಜೆ ಎಲ್ಲರೂ ಹೊರಡುವಾಗ, ಎಲ್ಲರಿಗೂ ಒಂದೊಂದು ಸುತ್ತು ಹೊಡೆಸಿ ಬಂದ ಗೆಳೆಯ ಎಂಜಿನ್ ಆಫ್ ಮಾಡಿ ಕೆಳಗಿಳಿದ. ಕುಕ್ಕರಗಾಲಲ್ಲಿ ಕೂತು ಗಾಡಿಯ ಅಡಿಗೆ ಕೈ ಹಾಕಿದ. ನಾನು ಅವನ ರಟ್ಟೆ ಹಿಡಿದೆ.

"ಮತ್ತೆ ಶುರು ಮಾಡಿದ್ಯಾ?"

"ಬಿಡ್ರಿ, ಇಳಿಸ್ಲಿ," ಎಂದರು ಅಧ್ಯಕ್ಷರು. ತಿರುಗಿ ನೋಡಿದೆ. ಅವರ ಕೈಯಲ್ಲಿ ಒಂದು ಸ್ಟೀಲಿನ ಲೋಟವಿತ್ತು. ಅವರ ಹಿಂದೆ ನಮ್ಮವರೆಲ್ಲ ಸಿಕ್ಕ ಸಿಕ್ಕ ಲೋಟ, ಚೊಂಬು ಹಿಡಿದು ಸಾಲುಗಟ್ಟಿದ್ದರು.

ಬೇಸಿಗೆಯ ಸಂಜೆ, ಮೈಯೆಲ್ಲ ಬೆವರು. ಆದರೂ ಹೊಗೆಯಾಡುವ ಆ ನೀರನ್ನು ಒಬ್ಬೊಬ್ಬರೂ ಆರಿಸಿ ಆರಿಸಿ ಮುಖಕ್ಕೆ ಹಚ್ಚಿಕೊಂಡು ಆಹಾ ಎಂದರು. ನಾನೂ ತೋಳು ಮಡಿಸಿ ಸಾಲಿಗೆ ಸೇರಿದೆ. ತುಕ್ಕಿನ ವಾಸನೆ ಹಾಗೆಯೇ ಇತ್ತು.

ಕೊನೆಗೆ ಎನಾಮೆಲ್ ಮಗ್ಗನ್ನು ತೊಳೆದು, ಒರೆಸಿ, ನಾನೇ ಸ್ಟೇರಿಂಗಿಗೆ ತೂಗುಹಾಕಿದೆ. ಬೇವಿನ ಕಟ್ಟೆಯ ಮೇಲೆ ಕೂತಿದ್ದ ಗೆಳೆಯನ ಹೆಂಡತಿ ಅಲ್ಲಿಂದಲೇ ಕೂಗಿದರು:

"ಅಣ್ಣಾರ, ಚಾ ಬೇಕೇನ್ರಿ?"