ಜೂನ್ ತನಕ ಅಷ್ಟ

ಅಕ್ಕ ನಿಂತರೆ ಎಡಕ್ಕೆ ವಾಲಿ ನಿಲ್ಲುತ್ತಿದ್ದಳು. ಸೊಂಟದ ಮೇಲೆ ಕೂಸು ಇಲ್ಲದಾಗಲೂ ಎಡ ಸೊಂಟ ಹೊರಗೆ ಚಾಚಿಕೊಂಡೇ ಇರುತ್ತಿತ್ತು. ಎಡಗೈ ತಾನಾಗಿಯೇ ಬಾಗಿ ಏನನ್ನೋ ಬಳಸಿ ಹಿಡಿದಂತೆ ಇರುತ್ತಿತ್ತು. ಅಕ್ಕಿಆಲೂರಿನ ಸಂತೆಯಲ್ಲಿ ಗುರುತಿಲ್ಲದ ಹೆಂಗಸರು ಅವಳನ್ನು ನೋಡಿ, ಕೂಸನ್ನು ಎಲ್ಲಿ ಬಿಟ್ಟು ಬಂದಿ ಎಂದು ಕೇಳಿದ್ದುಂಟು. ಅವಳು ಪಕ್ಕದಲ್ಲಿದ್ದ ನನ್ನ ಕಡೆ ಗದ್ದ ಎತ್ತಿ ತೋರಿಸುತ್ತಿದ್ದಳು. ನಾನಾಗಲೇ ಅವಳ ಭುಜದವರೆಗೆ ಬೆಳೆದಿದ್ದೆ.

ಅಕ್ಕನಿಗೆ ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ. ಆ ಸೊಂಟ ಹಾಗಾದದ್ದು ತಂಗಿಯಾದ ನನ್ನನ್ನು ಹೊತ್ತು.

ನಾನು ಹುಟ್ಟಿದ್ದು ಎಪ್ಪತ್ತರ ದಶಕದ ಮೊದಲಲ್ಲಿ, ಸುಗ್ಗಿಯ ದಿನಗಳಲ್ಲಿ. ನನ್ನನ್ನು ಹಡೆದ ವಾರದಲ್ಲೇ ಅವ್ವ ನಂಜೇರಿ ತೀರಿಕೊಂಡಳು. ಅಪ್ಪ ಊರಿನ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರ. ಅಕ್ಕ ಆ ವರ್ಷ ಏಳನೆಯ ತರಗತಿಯಲ್ಲಿದ್ದಳು. ಏಳನೆಯದರ ಪರೀಕ್ಷೆಗೆ ನಮ್ಮ ಕಡೆ ಮುಲ್ಕಿ ಎನ್ನುತ್ತಾರೆ. ಮುಲ್ಕಿ ಪಾಸಾದವರಿಗೆ ಆಗ ಊರಲ್ಲಿ ಒಂದು ಮರ್ಯಾದೆ ಇತ್ತು. ಮುಲ್ಕಿ ಮುಗಿಸಿ, ಹೈಸ್ಕೂಲು ಮುಗಿಸಿ, ಅಪ್ಪನ ಹಾಗೆ ತಾನೂ ಶಾಲೆಯಲ್ಲಿ ಕಲಿಸಬೇಕೆಂಬುದು ಅವಳ ಆಸೆ. ಅವ್ವ ಹೋದಾಗ ಪರೀಕ್ಷೆಗೆ ಕೆಲವೇ ವಾರಗಳಿದ್ದವು.

ಬಾಣಂತನಕ್ಕೆಂದು ಹಿರೇಕೆರೂರಿನಿಂದ ಬಂದ ಸೋದರತ್ತೆ ಒಂದಿಷ್ಟು ದಿನ ನನ್ನನ್ನು ನೋಡಿಕೊಂಡು, ತನ್ನ ಮನೆಯ ರಾಶಿ ಕೆಲಸ ನೆನಪಾಗಿ ಹೊರಟುಬಿಟ್ಟಳು. ಹೊರಡುವಾಗ ಹೊಸ್ತಿಲಲ್ಲಿ ನಿಂತು, ಇನ್ನೊಂದು ಲಗ್ನ ಮಾಡಿಕೋ, ಅಲ್ಲಿಯ ತನಕ ಮನೆಯಲ್ಲಿ ಹೆಣ್ಣು ಹುಡುಗಿ ಇದ್ದಾಳಲ್ಲ ಎಂದು ಅಪ್ಪನಿಗೆ ಹೇಳಿದಳಂತೆ. ಅಪ್ಪನಿಗೆ ಬೇರೆಯದೇ ಹೊಳೆಯಿತು. ಮುಲ್ಕಿ ಮುಗಿಯುವವರೆಗೆ ತಾನೇ ರಜೆ ಹಾಕಿ ಕೂಸನ್ನು ನೋಡಿಕೊಂಡರಾಯಿತು ಎಂದುಕೊಂಡ. ಆ ಕಾಲದಲ್ಲಿ, ಆ ಊರಲ್ಲಿ, ಒಬ್ಬ ಗಂಡಸಿನ ತಲೆಗೆ ಇದು ಬಂತಲ್ಲ, ಅದಕ್ಕೆ ನಾನು ಇವತ್ತಿಗೂ ಅವನನ್ನು ಮೆಚ್ಚುತ್ತೇನೆ.

ಮರುದಿನ ಅಕ್ಕ ನನ್ನನ್ನು ಎತ್ತಿಕೊಂಡು ಅಪ್ಪನಿಗೆ ಬುತ್ತಿ ಕೊಡಲು ಹೋದವಳು ಮಾಸ್ತರರ ಕೋಣೆಯ ಬಾಗಿಲಲ್ಲೇ ನಿಂತಳು. ಒಳಗೆ ಅಪ್ಪ ಹೆಡ್ ಮಾಸ್ತರರ ಮುಂದೆ ಕೈ ಕಟ್ಟಿ ನಿಂತು, ಕೂಸಿನ ಸಲುವಾಗಿ ರಜೆ ಕೇಳುತ್ತಿದ್ದ.

“ಆ ರಜಾ ಹಡದೋರಿಗೆ ಐತ್ರಿ ಮಾಸ್ತರ. ನೀವು ಯಾವಾಗ ಹಡದ್ರಿ?” ಎಂದರು ಹೆಡ್ ಮಾಸ್ತರರು.

ಕೋಣೆಗೆ ಕೋಣೆಯೇ ನಕ್ಕಿತು. ಬಾಣಂತಿಗೆ ತಿನ್ನಿಸುವ ಅಂಟಿನುಂಡಿಯನ್ನು ಮಾಸ್ತರರಿಗೂ ಕಟ್ಟಿಸಿ ಕೊಡೋಣ ಎಂದು ಒಬ್ಬರು ಸೇರಿಸಿದರಂತೆ. ಅಪ್ಪನೂ ಅವರ ಜೊತೆ ಒಂದಿಷ್ಟು ನಕ್ಕು ಹೊರಗೆ ಬಂದ. ಅದೇ ವಾರ ಇನ್ನೊಬ್ಬ ಮಾಸ್ತರರಿಗೆ ಎಮ್ಮೆ ಈಯುವುದಿದೆ ಎಂದು ರಜೆ ಸಿಕ್ಕಿತು. ಕರು ಅಡ್ಡ ಬಂದಿತ್ತಂತೆ. ಇಂಥ ಹೊತ್ತಿನಲ್ಲಿ ಗಂಡಸು ಮನೆಯಲ್ಲಿರಬೇಕು ಎಂದು ಹೆಡ್ ಮಾಸ್ತರರೇ ಅವರನ್ನು ಎಬ್ಬಿಸಿ ಕಳಿಸಿದರಂತೆ.

ಸಂಜೆ ಮನೆಗೆ ಬಂದ ಅಪ್ಪ ಅಕ್ಕನ ಮುಖ ನೋಡದೆ ಹೇಳಿದ: “ಜೂನ್ ತನಕ ಅಷ್ಟ ನೋಡವಾ. ಆಮ್ಯಾಲೆ ಮತ್ತ ಸಾಲಿಗೆ ಹೋಗೀಯಂತ.”

ಆ ಜೂನ್‌ನಲ್ಲಿ ನಾನಿನ್ನೂ ಮಗುಚಿ ಬೀಳುತ್ತಿದ್ದೆ. ಮುಂದಿನ ಜೂನ್‌ನಲ್ಲಿ ನಡೆಯಲು ಕಲಿತು ಬಾವಿಯ ಕಡೆಗೇ ಓಡುತ್ತಿದ್ದೆ. ಅದರಾಚೆಯ ಜೂನ್‌ನಲ್ಲಿ ಮೈತುಂಬ ಗೊಬ್ಬರ, ಅಂದರೆ ದಡಾರ, ಎದ್ದು ಅಕ್ಕನ ತೊಡೆ ಬಿಟ್ಟು ಇಳಿಯುತ್ತಿರಲಿಲ್ಲ. ನಾನೇ ಪಾಟಿ ಹಿಡಿದು ಶಾಲೆಗೆ ಹೋಗುವ ಹೊತ್ತಿಗೆ ಅಕ್ಕ ಸೀರೆ ಉಡುತ್ತಿದ್ದಳು. ಸೀರೆ ಉಟ್ಟವಳು ಲಂಗದ ಹುಡುಗಿಯರ ಜೊತೆ ಹೇಗೆ ಕೂಡುವುದು ಎಂದು ಅಪ್ಪನೇ ಅಂದ. ಶಾಲೆ ಬಿಡು ಎಂದು ಯಾರೂ ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಜಗಳಕ್ಕೆ ನಿಲ್ಲುತ್ತಿದ್ದಳು. ಜೂನ್ ತನಕ ಎಂದರು, ಅವಳು ಕಾದಳು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅಕ್ಕ ಅಳುಮುಂಜಿಯಲ್ಲ. ರೊಟ್ಟಿ ಬಡಿಯುವಾಗ ಏಳನೆಯ ತರಗತಿಯ ಒಂದು ಪದ್ಯವನ್ನು ಗಟ್ಟಿಯಾಗಿ ಹೇಳುತ್ತಿದ್ದಳು. ಕೈಯ ಸಪ್ಪಳವೇ ಅದಕ್ಕೆ ತಾಳ. ಅರ್ಧಕ್ಕೆ ಬಂದಾಗ ನಿಲ್ಲಿಸಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಅಲ್ಲಿಯವರೆಗೆ ಮಾತ್ರ ಅವಳ ತರಗತಿಯಲ್ಲಿ ಪಾಠವಾಗಿತ್ತು, ಆಮೇಲೆ ಪುಸ್ತಕ ಶಾಲೆಗೆ ಮರಳಿ ಹೋಗಿತ್ತು. ಉಳಿದರ್ಧವನ್ನು ನಾನು ಏಳನೆಯದಕ್ಕೆ ಬಂದ ಮೇಲೆ ಓದಿ ಹೇಳುತ್ತೇನೆ ಎಂದಿದ್ದೆ. ನಾನು ಏಳನೆಯದಕ್ಕೆ ಬರುವಷ್ಟರಲ್ಲಿ ಪುಸ್ತಕ ಬದಲಾಗಿತ್ತು, ಆ ಪದ್ಯ ಇರಲಿಲ್ಲ. ಅಕ್ಕ ಹೊಸ ಪುಸ್ತಕವನ್ನು ತಿರುವಿ ನೋಡಿ, ಹಿಟ್ಟಿನ ಕೈ ತಾಗಿದ್ದ ಹಾಳೆಯನ್ನು ಸೆರಗಿನಿಂದ ಒರೆಸಿ ಕೊಟ್ಟಳು.

ನನ್ನ ತಲೆ ಬಾಚುವಾಗ ಮಾತ್ರ ಹಳೆಯದನ್ನು ತೆಗೆಯುತ್ತಿದ್ದಳು. “ನೀ ಎಮ್ಮಿ ಹೊಟ್ಟ್ಯಾಗ ಹುಟ್ಟಬೇಕಿತ್ತು ನೋಡವಾ. ಅಪ್ಪಗ ಪಟ್ಟನ ರಜಾ ಸಿಗತಿತ್ತು.” ಸಣ್ಣವಳಿದ್ದಾಗ ನಾನು ಕರುವಿನ ಹಾಗೆ ಕೂಗಿ ಅವಳನ್ನು ನಗಿಸುತ್ತಿದ್ದೆ. ಬುದ್ಧಿ ತಿಳಿದ ಮೇಲೆ ಕೂಗುವುದು ಬಿಟ್ಟೆ, ಅವಳು ಹೇಳುವುದು ಬಿಡಲಿಲ್ಲ.

ಮೊದಮೊದಲು ಶಿಗ್ಗಾವಿ, ಸವಣೂರು ಕಡೆಯಿಂದ ವರಗಳು ಬಂದವು. ಕೂಸನ್ನು ಯಾರು ನೋಡಬೇಕು ಎಂದು ಆಗ ಅಕ್ಕನನ್ನು ಕೊಡಲಿಲ್ಲ. ಆಮೇಲೆ ವರಗಳೇ ಬರಲಿಲ್ಲ. ಅಪ್ಪನೂ ಹುಡುಕಿಕೊಂಡು ಹೋಗಲಿಲ್ಲ. ಬಿಸಿ ರೊಟ್ಟಿ ಹೊತ್ತಿಗೆ ಸರಿಯಾಗಿ ತಟ್ಟೆಗೆ ಬೀಳುತ್ತಿತ್ತಲ್ಲ.

ಎಂಬತ್ತರ ದಶಕದ ನಡುವೆ ಅಪ್ಪ ನಿವೃತ್ತನಾದ. ಶಾಲೆಯ ಅಂಗಳದಲ್ಲಿ ಶಾಲು ಹೊದಿಸಿ, ಮಕ್ಕಳಿಗಾಗಿ ಎರಡನೆಯ ಮದುವೆಯಾಗದ ತ್ಯಾಗಿ, ತಾಯಿ ತಂದೆ ಎರಡೂ ಆಗಿ ಕೂಸನ್ನು ಸಾಕಿದ ಪುಣ್ಯವಂತ ಎಂದು ಹೊಗಳಿದರು. ಅಕ್ಕ ಅದನ್ನು ಕೇಳಲಿಲ್ಲ. ಅವಳು ಮನೆಯಲ್ಲಿ, ಸಮಾರಂಭ ಮುಗಿಸಿ ಬರುವವರಿಗೆಂದು ಶಿರಾ ತಿರುವುತ್ತ, ಮಿರ್ಚಿ ಕರಿಯುತ್ತ ಇದ್ದಳು. ಬಂದವರಲ್ಲಿ ಆ ಹಳೆಯ ಹೆಡ್ ಮಾಸ್ತರರೂ ಇದ್ದರು, ಕೋಲು ಹಿಡಿಯುವಷ್ಟು ವಯಸ್ಸಾಗಿತ್ತು. ಶಿರಾ ತಿನ್ನುತ್ತ ಅವರೂ ಅದೇ ಮಾತು ಹೇಳಿದರು: ನಿಮ್ಮಪ್ಪ ತಾಯಿಯಾಗಿ ಬೆಳೆಸಿದ.

ಚಹಾ ಕೊಡುತ್ತಿದ್ದ ಅಕ್ಕ ಮೆಲ್ಲಗೆ ಅಂದಳು: “ಹೌದ್ರಿ ಸರ. ಅವತ್ತ ನೀವು ನಗಲಾರದ ಇದ್ದಿದ್ರ ಖರೇನ ಬೆಳಸ್ತಿದ್ದ.”

“ಯಾವತ್ತವಾ?” ಎಂದು ಕೇಳಿದರು ಅವರು. ಮುಚ್ಚಿಡುತ್ತಿರಲಿಲ್ಲ, ನಿಜಕ್ಕೂ ಅವರಿಗೆ ನೆನಪಿರಲಿಲ್ಲ.

ಎಲ್ಲರೂ ಹೋದ ಮೇಲೆ ಅಪ್ಪ ಶಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಅಕ್ಕ ಎಂಜಲು ತಟ್ಟೆಗಳನ್ನು ಬಳಿದುಕೊಳ್ಳುತ್ತ, ಅವನ ಕಡೆ ತಿರುಗದೆ, “ನೀ ಇನ್ನೊಮ್ಮೆ ಕೇಳಬೇಕಿತ್ತಪಾ” ಎಂದಳು. ಅಷ್ಟು ವರ್ಷಗಳಲ್ಲಿ ಅಪ್ಪನಿಗೆ ಅವಳು ಅಂದದ್ದು ಅದೊಂದೇ.

ಅದಾಗಿ ಹೆಚ್ಚು ಕಾಲ ಅಕ್ಕ ಉಳಿಯಲಿಲ್ಲ. ಜ್ವರ ಬಂದರೂ ಒಲೆ ಬಿಟ್ಟು ಏಳದೆ, ಕಣ್ಣು ಹಳದಿಯಾದ ಮೇಲಷ್ಟೇ ಹಾನಗಲ್ಲಿನ ದವಾಖಾನೆಗೆ ಹೋದಳು. ಅಲ್ಲಿಂದ ಅವಳನ್ನು ತಂದದ್ದು ಬಾಡಿಗೆ ಜೀಪಿನಲ್ಲಿ. ನಾನಾಗ ಕಾಲೇಜು ಸೇರಿದ್ದೆ.

ನಮ್ಮಲ್ಲಿ ಸತ್ತವರನ್ನು ಗೋಡೆಗೆ ಆನಿಸಿ, ಹಣೆಗೆ ವಿಭೂತಿ ಹಚ್ಚಿ ಕೂಡಿಸುತ್ತಾರೆ. ಅಕ್ಕನನ್ನು ಎಷ್ಟು ನೆಟ್ಟಗೆ ಕೂಡಿಸಿದರೂ ಎಡಕ್ಕೇ ವಾಲುತ್ತಿದ್ದಳು. ಹೆಂಗಸರು ದಿಂಬು ಕೊಟ್ಟರು, ಹಗ್ಗ ಕಟ್ಟಿದರು. ನಡುವೆಯೇ ಸೋದರತ್ತೆ, ಇನ್ನು ಅಣ್ಣನಿಗೆ ರೊಟ್ಟಿ ಬಡಿಯುವವರು ಯಾರು ಎಂದು ಅತ್ತಳು. ಕೂತಿದ್ದವರೆಲ್ಲ ನನ್ನ ಕಡೆ ನೋಡಿದರು.

ಮೂಲೆಯಲ್ಲಿದ್ದ ಅಪ್ಪ ತಲೆ ಎತ್ತಿದ. “ಆಕಿ ಕಾಲೇಜಿಗೆ ಹೋಗತಾಳ. ರೊಟ್ಟಿ ನಾ ಬಡಕೋತೇನಿ.”

ಹೆಣದ ಮನೆಯಲ್ಲೂ ಬಾಗಿಲ ಹತ್ತಿರದ ಒಬ್ಬ ಗಂಡಸಿಗೆ ನಗು ಬಂತು. ಅಪ್ಪ ಅವನ ಕಡೆಗೇ ತಿರುಗಿ ಅದೇ ಮಾತನ್ನು ಇನ್ನೊಮ್ಮೆ ಹೇಳಿದ, ಎಲ್ಲರಿಗೂ ಕೇಳಿಸುವ ಹಾಗೆ. ಈ ಸಲ ಯಾರೂ ನಗಲಿಲ್ಲ.

ಅಕ್ಕ ಮತ್ತೆ ಎಡಕ್ಕೆ ವಾಲಿದಳು. ನಾನು ಎದ್ದು ಹೋಗಿ ದಿಂಬು ತೆಗೆದು, ಅವಳ ಎಡ ಮಗ್ಗುಲಿಗೆ ಒತ್ತಿ ಕೂತೆ. ಮಣ್ಣಿಗೆ ಒಯ್ಯುವವರೆಗೂ ಅವಳ ಭಾರ ನನ್ನ ಮೇಲೆ ಇತ್ತು.