ಧೋತರ ಎಳೆಯದ ದಿನ

ಅಪ್ಪನ ಅಕ್ಕ, ನಮ್ಮ ಜೊತೆಗೇ ಇರುವ ಅತ್ತೆ, ಕಣ್ಣಿನ ಪೊರೆಯ ಆಪರೇಷನ್ನಿಗೆಂದು ವಿದ್ಯಾನಗರದ ಮಗಳ ಮನೆಗೆ ಹೊರಟದ್ದು ಹೋದ ವರ್ಷ ಏಪ್ರಿಲ್ 3ರಂದು. ಅಂದಿನ ನನ್ನ ಡೈರಿಯಲ್ಲಿ ಹೀಗಿದೆ: ಮೊಗ್ಗು ಏಳು. ಕೆಲಗೇರಿಯ ನಮ್ಮ ಮಾಳಿಗೆಯ ಮೇಲೆ, ಅಂಗೈಯಗಲದ ಕಲ್ಲಿಗೆ ಬೇರು ಕಚ್ಚಿಕೊಂಡು ಬೆಳೆದಿದ್ದ ಆಕೆಯ ಆರ್ಕಿಡ್ ಗಿಡದ ಲೆಕ್ಕ ಅದು. ಅದಕ್ಕೂ ಹಿಂದಿನ ವರ್ಷ ಮೊದಲ ಸಲ ಅರಳಿದಾಗ ಆಕೆಗೆ ಕಂಡದ್ದು ಬರೀ ಮಸುಕು. "ಈ ಸಲ ಬಣ್ಣ ನೋಡತೇನಿ" ಎಂದಿದ್ದಳು.

ಹೊರಡುವ ಮುನ್ನ ನನ್ನ ಕೈಯನ್ನು ಗಿಡದ ಮೇಲೆ ಚಾಚಿಸಿದಳು. "ನೆರಳು ಬೀಳಬೇಕು, ಆದ್ರ ಅದರಾಗ ಬೆರಳು ಎಣಿಸಾಕ ಬರಬಾರ್ದು. ಬಂತಂದ್ರ ಬಿಸಿಲು ಹೆಚ್ಚಾತು, ಧೋತರ ಎಳಿ. ಎಣಿಸೋದ್ರಾಗ ನೀ ಹೆಂಗೂ ಶಾಣ್ಯಾಕಿ."

ಸಂಡಿಗೆ ಒಣಹಾಕಿದಾಗ ಮೇಲೆ ಹೊದಿಸುವ ಹಳೆಯ ಧೋತರವನ್ನೇ ಗಿಡದ ಮೇಲೆ ಹಗ್ಗಕ್ಕೆ ಕಟ್ಟಿದ್ದಳು. ಬೆಳಿಗ್ಗೆ ಒಂಬತ್ತಕ್ಕೆ ಎಳೆಯಬೇಕು, ಸಂಜೆ ಐದಕ್ಕೆ ಸರಿಸಬೇಕು.

ಒಂದು ವಾರ ಹಾಗೇ ಮಾಡಿದೆ. ಮೊಗ್ಗುಗಳು ಬಿಗಿಯಾಗಿಯೇ ಇದ್ದವು. ಆಕೆ ಬರುವುದು 24ಕ್ಕೆ. ಇಂಥ ಗಿಡಗಳು ಕಾಡಿನಲ್ಲಿ ಬಯಲು ಬಂಡೆಯ ಮೇಲಿರುತ್ತವೆ, ಬೆಳಕು ಸಾಲದಿದ್ದರೆ ಹೂ ಬಿಡುವುದಿಲ್ಲ ಎಂದು ಓದಿದೆ. ಹಾಗಾದರೆ ಬಿಸಿಲು ಹೆಚ್ಚಿದಷ್ಟೂ ಬೇಗ ಅರಳುತ್ತದೆ ಎಂಬುದು ನನ್ನದೇ ಲೆಕ್ಕ. 11ರಂದು ಧೋತರವನ್ನು ಮೂರು ತಾಸು ತಡವಾಗಿ ಎಳೆದೆ. 13ರಂದು ನಾಲ್ಕು. ಎಲೆಯ ಅಂಚು ಕೆಂಪಾಯಿತು. ಒಳ್ಳೆಯದೇ ಇರಬೇಕೆಂದು ಡೈರಿಯಲ್ಲಿ ಅದರ ಮುಂದೆ ಸರಿ ಗುರುತು ಹಾಕಿದೆ. 15ರಂದು ಧೋತರ ಎಳೆಯದೆಯೇ ಕಾಲೇಜಿಗೆ ಹೋದೆ.

ಸಂಜೆ ಮುಟ್ಟಿದರೆ ಕಲ್ಲು ರೊಟ್ಟಿಯ ಹಂಚಿನಂತೆ ಕಾದಿತ್ತು. ದೊಡ್ಡ ಬಂಡೆಯ ಸಂದಿಯಲ್ಲಿ ಬೇರಿಗೆ ತಂಪು ಸಿಗುತ್ತದೆ. ಕಾಂಕ್ರೀಟಿನ ಮೇಲಿಟ್ಟ ಸಣ್ಣ ಕಲ್ಲಿನಲ್ಲಿ ಅದೆಲ್ಲಿ? ಎಲೆಗಳ ಮೇಲೆ ಬಿಳಿ ಕಲೆ ಎದ್ದಿದ್ದವು. ನಾಲ್ಕು ದಿನಗಳಲ್ಲಿ ಏಳೂ ಮೊಗ್ಗು ಹಳದಿಯಾಗಿ ಉದುರಿದವು.

ಅತ್ತೆ ಬಂದವಳು ಚಹಾ ಕೂಡ ಕುಡಿಯದೆ ಮಾಳಿಗೆ ಹತ್ತಿದಳು. ಕಪ್ಪು ಕನ್ನಡಕ ಸರಿಸಿ ಎಲೆಯ ಕಲೆಗಳನ್ನು ಬಹಳ ಹೊತ್ತು ನೋಡಿದಳು. ಈಗ ಆಕೆಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು.

"ನನಗ ಬಿಸಿಲು ಬ್ಯಾಡಂತ ಡಾಕ್ಟರು ಕರಿ ಚಾಳೀಸು ಕೊಟ್ಟಾರ. ಇದಕ್ಕ ಒಂದು ಧೋತರ ಎಳಿಯಾಕ ನಿನಗ ಆಗ್ಲಿಲ್ಲೇನಬೇ?"

"ನೀ ಬರೋದ್ರಾಗ ಅರಳ್ಲಿ ಅಂತ, ಅತ್ತಿ..."

"ನಾ ಎಲ್ಲಿ ಓಡಿ ಹೊಂಟಿದ್ನಿ? ತಡಾ ಆಗಿ ಅರಳಿದ್ರ ತಡಾ ಆಗಿ ನೋಡ್ತಿದ್ನಿ."

ಧೋತರವನ್ನು ತಾನೇ ಎಳೆದು ಕೆಳಗಿಳಿದಳು.

ಈ ವರ್ಷವೂ ಏಪ್ರಿಲ್ ಬಂದು ಹೋಯಿತು: ಹೊಸ ಎಲೆ ಎರಡು, ಮೊಗ್ಗು ಇಲ್ಲ. ಮೊನ್ನೆ ಸಂಡಿಗೆ ತಿರುವಿ ಹಾಕುತ್ತ ಅತ್ತೆ ಕೇಳಿದಳು, "ಆ ಹೂವು ನೇರಳಿ ಇತ್ತೋ, ಗುಲಾಬಿ ಇತ್ತೋ?" ನನಗೆ ಖಚಿತವಿರಲಿಲ್ಲ. ಒಳಗೆ ಹೋಗಿ, ಅದು ಮೊದಲ ಸಲ ಅರಳಿದ ವರ್ಷದ ಡೈರಿ ತೆಗೆದೆ. ಹೂ ಐದು, ಇದ್ದದ್ದು ಹನ್ನೆರಡು ದಿನ ಎಂದಿತ್ತು. ಬಣ್ಣ ಬರೆದಿರಲಿಲ್ಲ.